ವಿಮಾನದಲ್ಲಿ ಕಿಟಕಿ ಸೀಟು: ಎಡಗಡೆಯೋ, ಬಲಗಡೆಯೋ, ಎಷ್ಟನೇ ಸಾಲು?

ಕಿಟಕಿ ಸೀಟು ಸಿಕ್ಕಿತು ಅಂತ ಖುಷಿಯಿಂದ ಹೋಗಿ ಕೂತರೆ ಹೊರಗೆ ಬರೀ ರೆಕ್ಕೆ. ಇಲ್ಲ ಅಂದರೆ ಮುಖಕ್ಕೆ ಹೊಡೆಯುವ ಬಿಸಿಲು, ಶೇಡ್ ಎಳೆದುಕೊಂಡೇ ಇಡೀ ಪ್ರಯಾಣ. ಅದೂ ಇಲ್ಲ ಅಂದರೆ ಪೈಲಟ್ ಮೈಕಿನಲ್ಲಿ "ಬಲಗಡೆ ಇರುವವರಿಗೆ ಹಿಮದ ಬೆಟ್ಟ ಕಾಣುತ್ತಿದೆ" ಅಂತ ಹೇಳುವಾಗ ನೀವು ಎಡಗಡೆ ಕೂತು ಕತ್ತು ಉದ್ದ ಮಾಡುತ್ತಿರುತ್ತೀರಿ. ಕಿಟಕಿಗೆ ಅಂತಲೇ ಜಾಸ್ತಿ ದುಡ್ಡು ಕೊಟ್ಟವರಲ್ಲೂ ಬಹಳ ಜನರ ಪಾಡು ಇದೇ. ಯಾಕೆ ಅಂದರೆ ಸೀಟು ಆರಿಸುವಾಗ ಎಲ್ಲರೂ ಸಾಲಿನ ನಂಬರ್ ನೋಡುತ್ತಾರೆ, ಯಾವ ಕಡೆ ಅಂತ ಯೋಚಿಸುವುದೇ ಇಲ್ಲ.

ನನ್ನ ಪ್ರಕಾರ ಮೊದಲು ಕಡೆ, ಆಮೇಲೆ ಸಾಲು. ಸರಿಯಾದ ಕಡೆ ಕೂತರೆ ಸಾಲು ಸುಮಾರಾಗಿದ್ದರೂ ಏನಾದರೂ ಕಾಣುತ್ತದೆ. ತಪ್ಪು ಕಡೆ ಕೂತರೆ ಮೊದಲನೇ ಸಾಲು ಸಿಕ್ಕಿದರೂ ಬೆಟ್ಟ ಆಚೆ ಕಡೆಯೇ ಇರುತ್ತದೆ.

ಯಾವ ಕಡೆ

ಎಡ-ಬಲ ಅಂದರೆ ವಿಮಾನದ ಮೂತಿ ಕಡೆ ಮುಖ ಮಾಡಿ ಕೂತಾಗಿನ ಎಡ-ಬಲ. 'ಎ' ಅಂದರೆ ಎಡಗಡೆಯ ಕಿಟಕಿ. ಏರ್‌ಬಸ್ ಎ320, ಬೋಯಿಂಗ್ 737 ಥರದ, ನಡುವೆ ಒಂದೇ ಓಡಾಡುವ ದಾರಿ ಇರುವ ವಿಮಾನಗಳಲ್ಲಿ ಆಚೆ ಮೂರು, ಈಚೆ ಮೂರು ಸೀಟು. ಹಾಗಾಗಿ ಬಲಗಡೆಯ ಕಿಟಕಿ 'ಎಫ್'. ಎರಡು ದಾರಿ ಇರುವ ದೊಡ್ಡ ವಿಮಾನಗಳಲ್ಲಿ ಬಲಗಡೆಯ ಕಿಟಕಿ ಹೆಚ್ಚಾಗಿ 'ಕೆ'. ನಡುವೆ 'ಐ' ಅನ್ನುವ ಅಕ್ಷರವನ್ನು ಬಿಟ್ಟುಬಿಡುತ್ತಾರೆ, ಅದು 1ರ ಹಾಗೆ ಕಾಣುತ್ತದೆ ಅಂತ.

ಸೀಟ್ ಮ್ಯಾಪ್ ನೋಡುವಾಗ ಒಂದು ವಿಷಯ ಗಮನಿಸಿ. ಮೊಬೈಲಿನಲ್ಲಿ ವಿಮಾನದ ಮೂತಿ ಸಾಮಾನ್ಯವಾಗಿ ಮೇಲ್ಗಡೆ ಇರುತ್ತದೆ, ಆಗ ತೊಂದರೆ ಇಲ್ಲ. ಆದರೆ ಕೆಲವು ವೆಬ್‌ಸೈಟಿನಲ್ಲಿ ವಿಮಾನವನ್ನು ಅಡ್ಡ ಮಲಗಿಸಿರುತ್ತಾರೆ. ಮೂತಿ ಎಡಕ್ಕಿದ್ದರೆ ಎ ಸಾಲು ಕೆಳಗೆ ಬರುತ್ತದೆ, ಬಲಕ್ಕಿದ್ದರೆ ಮೇಲೆ. ಚಿತ್ರ ನೋಡಿ ಎಡ-ಬಲ ಊಹಿಸಬೇಡಿ, ಅಕ್ಷರವನ್ನೇ ನೋಡಿ.

ಇನ್ನು ದಿಕ್ಕು. ಶಾಲೆಯಲ್ಲಿ ಕಲಿತದ್ದೇ: ಪೂರ್ವಕ್ಕೆ ಮುಖ ಮಾಡಿ ನಿಂತರೆ ಎಡಗೈ ಕಡೆ ಉತ್ತರ, ಬಲಗೈ ಕಡೆ ದಕ್ಷಿಣ. ವಿಮಾನ ಯಾವ ದಿಕ್ಕಿಗೆ ಹೋಗುತ್ತದೆ ಅಂತ ನಕ್ಷೆಯಲ್ಲಿ ನೋಡಿ, ನೀವು ನೋಡಬೇಕಾದ ಬೆಟ್ಟವೋ ಕರಾವಳಿಯೋ ಆ ಗೆರೆಯ ಯಾವ ಪಕ್ಕಕ್ಕೆ ಬೀಳುತ್ತದೆ ಅಂತ ನೋಡಿದರೆ ಉತ್ತರ ಸಿಕ್ಕಿತು. ದೆಹಲಿಯಿಂದ ಕಠ್ಮಂಡುವಿಗೆ ಪೂರ್ವದ ಕಡೆ ಹಾರಾಟ, ಹಿಮಾಲಯ ಇರುವುದು ಉತ್ತರಕ್ಕೆ, ಅಂದರೆ ಎಡಗಡೆ ಎ. ವಾಪಸ್ ಬರುವಾಗ ಬಲಗಡೆ ಎಫ್. ಹೋಗುವಾಗ ಎ ಸೀಟು ಚೆನ್ನಾಗಿತ್ತು ಅಂತ ಬರುವಾಗಲೂ ಅದನ್ನೇ ಬುಕ್ ಮಾಡುವವರು ಇದ್ದಾರೆ, ಅವರಿಗೆ ಸಿಗುವುದು ಬಯಲು ಸೀಮೆ.

ಎರಡು ಊರಿನ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಸಾಲದು. ವಿಮಾನಗಳು ಹಾಗೆ ನೇರ ಹೋಗುವುದಿಲ್ಲ. ವಿಮಾನಗಳು ಹಾರುವ ದಾರಿ ತೋರಿಸುವ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ಆ್ಯಪ್‌ನಲ್ಲಿ ನಿಮ್ಮ ಫ್ಲೈಟ್ ನಂಬರ್ ಹಾಕಿ, ಹಿಂದಿನ ಕೆಲವು ದಿನ ಅದು ಹಾರಿದ ದಾರಿ ನೋಡಿ. ಸಾಮಾನ್ಯವಾಗಿ ದಿನಾ ಹೆಚ್ಚುಕಡಿಮೆ ಒಂದೇ ದಾರಿ ಇರುತ್ತದೆ. ದೂರದ ಪ್ರಯಾಣದಲ್ಲಂತೂ ಇದು ನೋಡಲೇಬೇಕು. ಭೂಮಿ ದುಂಡಗಿದೆ, ನಕ್ಷೆ ಚಪ್ಪಟೆ. ಹಾಗಾಗಿ ಲಂಡನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ವಿಮಾನ ನಕ್ಷೆಯಲ್ಲಿ ಕಾಣುವ ಹಾಗೆ ಸೀದಾ ಪಶ್ಚಿಮಕ್ಕೆ ಹೋಗದೆ ಮೇಲಕ್ಕೆ ಬಾಗಿ ಗ್ರೀನ್‌ಲ್ಯಾಂಡ್ ಕಡೆಯಿಂದ ಹೋಗುತ್ತದೆ. ಆ ದಾರಿಯಲ್ಲಿ ಹಗಲು ಹಾರಾಟವಾದರೆ ಬಲಗಡೆ ಕೂರಿ. ಬಿಸಿಲು ಎಡಗಡೆ ಇರುತ್ತದೆ, ಬಲಗಡೆ ಹಿಮದ ಮೈದಾನ, ಅದರಿಂದ ಕೆಳಗಿಳಿದು ಸಮುದ್ರ ಸೇರುವ ಹಿಮನದಿಗಳು, ಮೋಡ ಇಲ್ಲದಿದ್ದರೆ ತೇಲುವ ಮಂಜುಗಡ್ಡೆಗಳೂ ಕಾಣುತ್ತವೆ.

ದೂರದ ಬಗ್ಗೆ ಹೆದರಬೇಡಿ. 10 ಕಿ.ಮೀ. ಎತ್ತರದಿಂದ ದಿಗಂತ ಸುಮಾರು 350 ಕಿ.ಮೀ. ದೂರ ಇರುತ್ತದೆ. ಗಾಳಿ ಶುಭ್ರವಾಗಿದ್ದರೆ ನೂರಾರು ಕಿ.ಮೀ. ಆಚೆಯ ಹಿಮಶಿಖರವೂ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ ಏನೆಂದರೆ ವಿಮಾನದ ನೇರ ಕೆಳಗೆ ಇರುವುದು ಯಾವ ಕಿಟಕಿಯಿಂದಲೂ ಕಾಣುವುದಿಲ್ಲ. ಬೆಟ್ಟದ ಮೇಲೇ ಹಾರಿ ಹೋಗುವ ದಾರಿಗಿಂತ ಬೆಟ್ಟದ ಪಕ್ಕದಲ್ಲಿ ಒಂದು 50 ಕಿ.ಮೀ. ದೂರ ಬಿಟ್ಟು ಹೋಗುವ ದಾರಿಯೇ ನೋಡುವವರಿಗೆ ಲಾಭ.

ಬಿಸಿಲಿನ ಲೆಕ್ಕ

ವಿಶೇಷವಾಗಿ ನೋಡಬೇಕಾದ ಬೆಟ್ಟಗಿಟ್ಟ ಏನೂ ಇಲ್ಲ, ಸುಮ್ನೆ ಚೆನ್ನಾಗಿ ಹೊರಗೆ ನೋಡಬೇಕು ಅಷ್ಟೇ ಅನ್ನುವವರು ಸೂರ್ಯನ ಆಚೆ ಕಡೆ ಕೂರಬೇಕು. ಬಿಸಿಲಿನ ಕಡೆ ಕೂತರೆ ಗಾಜಿನ ಮೇಲಿನ ಗೀರು, ಕೊಳೆ, ಹಿಂದಿನ ಪ್ರಯಾಣಿಕನ ಹಣೆಯ ಎಣ್ಣೆ ಎಲ್ಲ ಬೆಳಗುತ್ತದೆ, ಹೊರಗಿನ ನೆಲ ಮಾತ್ರ ಮಬ್ಬು. ನೆರಳಿನ ಕಡೆ ಕೂತರೆ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬಂದು ನೀವು ನೋಡುವ ಜಾಗದ ಮೇಲೆ ಬೀಳುತ್ತದೆ. ಬಣ್ಣ ನಿಚ್ಚಳ.

ಬೆಳಗ್ಗೆ ಉತ್ತರಕ್ಕೆ ಹೋಗುವ ವಿಮಾನದಲ್ಲಿ ಸೂರ್ಯ ಬಲಗಡೆ, ನೀವು ಎಡಗಡೆ ಕೂರಿ. ಅದೇ ದಾರಿಯಲ್ಲಿ ಸಂಜೆ ಹೋದರೆ ಉಲ್ಟಾ. ಪೂರ್ವ-ಪಶ್ಚಿಮ ಹಾರಾಟದಲ್ಲಿ ಸ್ವಲ್ಪ ಯೋಚಿಸಬೇಕು. ಭೂಮಧ್ಯರೇಖೆಯಿಂದ ಸಾಕಷ್ಟು ಉತ್ತರಕ್ಕಿರುವ ದೇಶಗಳಲ್ಲಿ ಸೂರ್ಯ ಹಗಲೆಲ್ಲ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಪೂರ್ವಕ್ಕೆ ಹೋಗುವಾಗ ಎಡಗಡೆ, ಪಶ್ಚಿಮಕ್ಕೆ ಹೋಗುವಾಗ ಬಲಗಡೆ ನೆರಳು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚಿಲಿ ಕಡೆ ಇದು ತಿರುಗುಮುರುಗು. ಭೂಮಧ್ಯರೇಖೆಯ ಹತ್ತಿರ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ, ಯಾವ ಕಡೆಯಾದರೂ ಒಂದೇ.

ಆದರೆ ಬಿಸಿಲಿನ ಕಡೆ ಕೂತವರಿಗೆ ಏನೂ ಸಿಗುವುದಿಲ್ಲ ಅಂತ ಅಲ್ಲ. ನೀರು ಇರುವ ನಾಡಿನ ಮೇಲೆ ಹಾರುವಾಗ ಆ ಕಡೆ ಒಂದು ಚಂದ ಇದೆ. ಕೆರೆ, ಕಾಲುವೆ, ನೀರು ನಿಂತ ಗದ್ದೆ, ನದಿಯ ತಿರುವು, ಒಂದಾದ ಮೇಲೊಂದು ಪಳಕ್ ಅಂತ ಬೆಳ್ಳಿಯ ಹಾಗೆ ಹೊಳೆದು ಆರುತ್ತವೆ. ಸೂರ್ಯನ ಪ್ರತಿಬಿಂಬ ವಿಮಾನದ ಜೊತೆ ನೆಲದ ಮೇಲೆ ಓಡುತ್ತಿರುತ್ತದೆ, ನೀರು ಸಿಕ್ಕಲ್ಲೆಲ್ಲ ಕಾಣಿಸುತ್ತದೆ. ನಕ್ಷೆಯಲ್ಲೂ ಇಲ್ಲದ ಸಣ್ಣ ಹೊಂಡಗಳೂ ಆ ಕ್ಷಣಕ್ಕೆ ಗೊತ್ತಾಗಿಬಿಡುತ್ತವೆ.

ನೆರಳಿನ ಕಡೆಯವರಿಗೆ ಇನ್ನೊಂದು ಆಟ ಇದೆ, ನನಗೆ ಬೆಟ್ಟಕ್ಕಿಂತ ಇದೇ ಇಷ್ಟ. ಕೆಳಗೆ ಬಿಳಿ ಮೋಡ ಹಾಸಿದ್ದರೆ ಅದರ ಮೇಲೆ ನಿಮ್ಮ ವಿಮಾನದ್ದೇ ನೆರಳು ಹುಡುಕಿ. ಸೂರ್ಯನಿಗೆ ಸರಿಯಾಗಿ ಎದುರು ದಿಕ್ಕಿನಲ್ಲಿ ಇರುತ್ತದೆ. ಅದರ ಸುತ್ತ ಬಣ್ಣದ ಉಂಗುರ ಕಾಣುತ್ತದೆ, ಒಳಗೆ ನೀಲಿ, ಹೊರಗೆ ಕೆಂಪು, ಕೆಲವು ಸಲ ಒಂದರ ಹೊರಗೆ ಇನ್ನೊಂದು. ಇಂಗ್ಲಿಷಿನಲ್ಲಿ ಇದಕ್ಕೆ ಗ್ಲೋರಿ ಅಂತಾರೆ. ಮೋಡದ ನೀರಿನ ಹನಿಗಳು ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುವುದರಿಂದ ಆಗುವಂಥದ್ದು. ಉಂಗುರದ ನಡು ಮಧ್ಯ ಯಾವಾಗಲೂ ನೋಡುವವರ ಜಾಗಕ್ಕೇ ಬೀಳುತ್ತದೆ. ವಿಮಾನ ಇಳಿಯುತ್ತ ಮೋಡದ ಹತ್ತಿರ ಬಂದ ಹಾಗೆ ನೆರಳು ದೊಡ್ಡದಾಗುತ್ತದಲ್ಲ, ಆಗ ನೋಡಿದರೆ ನೀವು ರೆಕ್ಕೆಯ ಹಿಂದೆ ಕೂತಿದ್ದೀರೋ ಮುಂದೆ ಕೂತಿದ್ದೀರೋ ಅನ್ನುವುದೂ ಆ ನೆರಳಿನಲ್ಲೇ ಗೊತ್ತಾಗುತ್ತದೆ.

ಸೂರ್ಯೋದಯ, ಸೂರ್ಯಾಸ್ತ ನೋಡಲೇಬೇಕು ಅಂದರೆ ಲೆಕ್ಕ ಬೇರೆ. ಉತ್ತರ-ದಕ್ಷಿಣ ಹಾರಾಟ ಇದ್ದರೆ ಸುಲಭ: ಬೆಳಗ್ಗೆ ಪೂರ್ವದ ಕಡೆಯ ಕಿಟಕಿ, ಸಂಜೆ ಪಶ್ಚಿಮದ ಕಡೆಯ ಕಿಟಕಿ. ಸಂಜೆ ಪಶ್ಚಿಮಕ್ಕೆ ಹೋಗುವಾಗ ಸೂರ್ಯ ಪೈಲಟ್‌ಗಳ ಮುಖದ ಮುಂದೆ ಇರುತ್ತಾನೆ, ನಮಗೆ ಓರೆಯಾಗಿ ಮಾತ್ರ. ಡಿಸೆಂಬರ್ ಹೊತ್ತಿಗೆ ಸೂರ್ಯ ನೈಋತ್ಯಕ್ಕೆ ಸರಿದು ಮುಳುಗುವುದರಿಂದ ಎಡಗಡೆ ವಾಸಿ, ಜೂನ್ ಹೊತ್ತಿಗೆ ವಾಯವ್ಯಕ್ಕೆ ಸರಿಯುವುದರಿಂದ ಬಲಗಡೆ. ಈ ಪಶ್ಚಿಮದ ಹಾರಾಟದಲ್ಲಿ ಸೂರ್ಯಾಸ್ತ ಬಹಳ ಹೊತ್ತು ಎಳೆಯುತ್ತದೆ. ಭೂಮಧ್ಯರೇಖೆಯಲ್ಲಿ ಭೂಮಿ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ತಿರುಗುತ್ತದೆ, 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ, 835 ಕಿ.ಮೀ. ಜೆಟ್ ವಿಮಾನದ ವೇಗವೂ ಅಲ್ಲಲ್ಲೇ. ಹಾಗಾಗಿ ಉತ್ತರ ಅಟ್ಲಾಂಟಿಕ್ ಮೇಲೆ ಪಶ್ಚಿಮಕ್ಕೆ ಹಾರುವಾಗ ಕೆಂಪು ಆಕಾಶ ಗಂಟೆಗಟ್ಟಲೆ ಹಾಗೇ ನಿಂತುಬಿಡುತ್ತದೆ. ಪೂರ್ವಕ್ಕೆ ಹೋಗುವಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಸೂರ್ಯ ಮುಳುಗುವಾಗ ಆಚೆ ಕಡೆ ಕೂತಿದ್ದೀರಿ ಅಂತ ಬೇಜಾರು ಮಾಡಿಕೊಳ್ಳಬೇಡಿ. ಪೂರ್ವದ ದಿಗಂತದಲ್ಲಿ ಬೂದು ನೀಲಿಯ ಒಂದು ಪಟ್ಟಿ ನಿಧಾನವಾಗಿ ಮೇಲೇಳುತ್ತದೆ, ಅದರ ಮೇಲೆ ತೆಳು ಗುಲಾಬಿ. ಆ ನೀಲಿ ಪಟ್ಟಿ ಭೂಮಿಯದೇ ನೆರಳು. ನೆಲದಿಂದಲೂ ಕಾಣುತ್ತದೆ, ಆದರೆ ಧೂಳು, ಕಟ್ಟಡ, ಮರ ಯಾವುದರ ಅಡ್ಡಿಯೂ ಇಲ್ಲದೆ ಇಷ್ಟು ಸ್ಪಷ್ಟವಾಗಿ ಕಾಣುವುದು ಇಲ್ಲಿಂದಲೇ.

ಇಳಿಯುವಾಗಿನ ಇಪ್ಪತ್ತು ನಿಮಿಷ

ನೋಡುವುದಕ್ಕೆ ಅಂತಲೇ ಸೀಟು ಆರಿಸುವವರು ಟೇಕಾಫ್‌ಗಿಂತ ಲ್ಯಾಂಡಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು. ಏರುವಾಗ ವಿಮಾನ ಕಡಿದಾಗಿ ಏರಿ ಸ್ವಲ್ಪ ಹೊತ್ತಿಗೆ ಮೋಡ ದಾಟಿಬಿಡುತ್ತದೆ. ಇಳಿಯುವಾಗ ಕೊನೆಯ ಭಾಗದಲ್ಲಿ ಸುಮಾರು 3 ಡಿಗ್ರಿಯ ಸಣ್ಣ ಇಳಿಜಾರು, ನಿಧಾನ. ಊರು, ರಸ್ತೆ, ಆಟದ ಮೈದಾನ, ಮನೆಯ ಮಹಡಿಯ ಮೇಲಿನ ನೀರಿನ ಟ್ಯಾಂಕು, ಎಲ್ಲ ಒಂದೊಂದಾಗಿ ದೊಡ್ಡದಾಗುತ್ತ ಬರುತ್ತವೆ.

ಆದರೆ ಯಾವ ಕಡೆಯಿಂದ ಇಳಿಯುತ್ತದೆ ಅನ್ನುವುದು ಗಾಳಿಯ ಮೇಲೆ ನಿಂತಿದೆ. ವಿಮಾನಗಳು ಗಾಳಿಗೆ ಎದುರಾಗಿಯೇ ಏರುತ್ತವೆ, ಎದುರಾಗಿಯೇ ಇಳಿಯುತ್ತವೆ. ಒಂದೇ ರನ್‌ವೇಯನ್ನು ಗಾಳಿ ನೋಡಿಕೊಂಡು ಎರಡು ತುದಿಯಿಂದಲೂ ಬಳಸುತ್ತಾರೆ. ರನ್‌ವೇ ನಂಬರ್ ಅಂದರೆ ಅದರ ದಿಕ್ಕು, ಕೊನೆಯ ಸೊನ್ನೆ ಬಿಟ್ಟು ಬರೆದದ್ದು: 27 ಅಂದರೆ 270 ಡಿಗ್ರಿ, ಪಶ್ಚಿಮಕ್ಕೆ ಮುಖ. 09 ಅಂದರೆ 90 ಡಿಗ್ರಿ, ಪೂರ್ವಕ್ಕೆ. ನೀವು ಇಳಿಯುವ ಊರಲ್ಲಿ ಆ ಋತುವಿನಲ್ಲಿ ಗಾಳಿ ಸಾಮಾನ್ಯವಾಗಿ ಯಾವ ಕಡೆಯಿಂದ ಬೀಸುತ್ತದೆ ಅಂತ ತಿಳಿದರೆ ಅರ್ಧ ಕೆಲಸ ಆಯಿತು. ಉಳಿದರ್ಧಕ್ಕೆ ಅದೇ ಫ್ಲೈಟ್ ಟ್ರ್ಯಾಕಿಂಗ್ ಆ್ಯಪ್ ತೆಗೆದು ಹಿಂದಿನ ದಿನದ ವಿಮಾನಗಳು ಎಲ್ಲಿ ತಿರುಗಿ ಹೇಗೆ ಇಳಿದವು ನೋಡಿ.

ಲಂಡನ್ನಿನ ಹೀಥ್ರೂ ಇದಕ್ಕೆ ಒಳ್ಳೆ ಉದಾಹರಣೆ. ಅಲ್ಲಿ ಪಶ್ಚಿಮದ ಗಾಳಿಯೇ ಜಾಸ್ತಿ, ಹಾಗಾಗಿ ಹೆಚ್ಚು ದಿನ ವಿಮಾನಗಳು ಪೂರ್ವದಿಂದ ಬಂದು ಇಡೀ ನಗರದ ಮೇಲೆ ಹಾದು 27ರ ರನ್‌ವೇಗಳಿಗೆ ಇಳಿಯುತ್ತವೆ. ಥೇಮ್ಸ್ ನದಿಯ ತಿರುವುಗಳು, ಟವರ್ ಬ್ರಿಜ್, ಪಾರ್ಲಿಮೆಂಟ್ ಎಲ್ಲ ಬಲಗಡೆ. ಗಾಳಿ ಪೂರ್ವದ್ದಾದ ದಿನ ಇದು ಯಾವುದೂ ಇಲ್ಲ. ಜಿನೀವಾದಲ್ಲಿ ಸರೋವರದ ಕಡೆಯಿಂದ ನೈಋತ್ಯಕ್ಕೆ ಮುಖ ಮಾಡಿ ರನ್‌ವೇ 22ಕ್ಕೆ ಇಳಿದರೆ ಮಾಂಟ್ ಬ್ಲಾಂಕ್ ಎಡಗಡೆ, ಎದುರು ಕಡೆಯಿಂದ 04ಕ್ಕೆ ಇಳಿದರೆ ಬಲಗಡೆ. ಬೆಟ್ಟ ಇದ್ದಲ್ಲೇ ಇದೆ, ನಾವು ತಿರುಗಿದ್ದೇವೆ ಅಷ್ಟೇ.

ತಿರುವಿನಲ್ಲೂ ಗಮನ ಇರಲಿ. ವಿಮಾನ ಎಡಕ್ಕೆ ತಿರುಗುವಾಗ ಎಡಗಡೆ ವಾಲುತ್ತದೆ, ಆ ಕಡೆಯವರಿಗೆ ಇಡೀ ನೆಲ ಕಿಟಕಿ ತುಂಬ ಬರುತ್ತದೆ, ಬಲಗಡೆಯವರಿಗೆ ಬರೀ ಆಕಾಶ. ಹಳೆಯ ದಾರಿಗಳನ್ನು ನೋಡುವಾಗ ಇಳಿಯುವ ಮುಂಚಿನ ಕೊನೆಯ ದೊಡ್ಡ ತಿರುವು ಯಾವ ಕಡೆಗೆ ಅಂತ ನೋಡಿಟ್ಟುಕೊಳ್ಳಿ.

ಇನ್ನು ಸಾಲು

ಇಲ್ಲಿ ಶತ್ರು ಒಂದೇ, ರೆಕ್ಕೆ. ಎ320, 737ರಲ್ಲಿ ಹೆಚ್ಚುಕಡಿಮೆ 10ನೇ ಸಾಲಿನಿಂದ 20ನೇ ಸಾಲಿನವರೆಗೆ ಕೆಳಗೆ ನೋಡಿದರೆ ರೆಕ್ಕೆಯೇ. ಅದಕ್ಕೆ ಸ್ವಲ್ಪ ಮುಂದಿನ ಎರಡು ಮೂರು ಸಾಲಿನಲ್ಲಿ ಇಂಜಿನ್ನಿನ ದೊಡ್ಡ ಡಬ್ಬ ಅಡ್ಡ ಬರುತ್ತದೆ. ಕಾಲು ಚಾಚಲು ಜಾಗ ಇದೆ ಅಂತ ಜನ ಮುಗಿಬೀಳುವ ತುರ್ತು ಬಾಗಿಲಿನ ಸಾಲು ಇರುವುದು ರೆಕ್ಕೆಯ ನಟ್ಟನಡುವೆ. ಕಾಲಿಗೆ ಸುಖ, ಕಣ್ಣಿಗೆ ಏನೂ ಇಲ್ಲ.

ಹಾಗಾದರೆ ಮುಂದೋ ಹಿಂದೋ? ಮುಂದೆ ಕೂತರೆ ಮುಂದಕ್ಕೂ ಕೆಳಕ್ಕೂ ಅಡ್ಡಿ ಇಲ್ಲದ ನೋಟ, ಗಾಳಿಯೂ ಸ್ವಚ್ಛ. ಹಿಂದೆ ಕೂತರೆ ಇಂಜಿನ್ ಉಗುಳುವ ಬಿಸಿ ಗಾಳಿಯ ಮೂಲಕ ನೋಡಬೇಕು. ಬೇಸಿಗೆಯಲ್ಲಿ ಟಾರು ರಸ್ತೆಯ ಮೇಲೆ ಗಾಳಿ ಕುಣಿಯುತ್ತದಲ್ಲ, ಹಾಗೆ ರೆಕ್ಕೆಯ ಹಿಂದಿನ ನೆಲವೆಲ್ಲ ಒಂದು ಪಟ್ಟಿಯಷ್ಟು ನಡುಗುತ್ತಿರುತ್ತದೆ. ಬರಿಗಣ್ಣಿಗೆ ಅಷ್ಟಾಗಿ ಗೊತ್ತಾಗದಿದ್ದರೂ ಝೂಮ್ ಮಾಡಿ ತೆಗೆದ ಫೋಟೋದಲ್ಲಿ ಗೊತ್ತಾಗುತ್ತದೆ. ರೆಕ್ಕೆಗೆ ತೀರಾ ಹತ್ತಿರ ಬಿಟ್ಟು ಹಿಂದೆ ಹಿಂದೆ ಹೋದಷ್ಟೂ, ಅಂದರೆ 24-25ನೇ ಸಾಲಿನ ಆಚೆ, ಕೆಳಗಿನ ನೋಟಕ್ಕೆ ಅಡ್ಡಿ ಕಡಿಮೆ.

ದುಡ್ಡು ಕೊಡಲು ಮನಸ್ಸಿದ್ದರೆ ಮೊದಲ ಐದಾರು ಸಾಲು. ಇಲ್ಲದಿದ್ದರೆ ಸಂಕೋಚವಿಲ್ಲದೆ ಹಿಂದಕ್ಕೆ ಹೋಗಿ. ಎದುರು ರೆಕ್ಕೆಯ ತುದಿ ಕಾಣುವುದು ನನಗೇನೂ ತಪ್ಪು ಅನ್ನಿಸುವುದಿಲ್ಲ. ಫೋಟೋದಲ್ಲಿ ಬರೀ ಬೆಟ್ಟ ಇದ್ದರೆ ಎಲ್ಲಿಂದ ತೆಗೆದದ್ದು ಅಂತಲೇ ತಿಳಿಯುವುದಿಲ್ಲ, ರೆಕ್ಕೆಯ ತುದಿ ಇದ್ದರೆ ಆ ಬೆಟ್ಟದ ಗಾತ್ರ ತಿಳಿಯುತ್ತದೆ. ಜೊತೆಗೆ ಲ್ಯಾಂಡಿಂಗ್ ಹೊತ್ತಿಗೆ ರೆಕ್ಕೆಯ ಹಿಂಭಾಗದ ಹಲಗೆಗಳು ಹಂತ ಹಂತವಾಗಿ ಹೊರಗೆ ಚಾಚಿ ಕೆಳಗೆ ಬಾಗುವುದು, ನೆಲ ಮುಟ್ಟಿದ ತಕ್ಷಣ ಮೇಲಿನ ತಟ್ಟೆಗಳು ಪಟಪಟ ಎದ್ದು ನಿಲ್ಲುವುದು, ಇವೆಲ್ಲ ಹಿಂದೆ ಕೂತವರ ಪಾಲಿಗೆ ಮಾತ್ರ.

ಕಿಟಕಿಯೇ ಇಲ್ಲದ ಕಿಟಕಿ ಸೀಟು ಇದೆ, ಗೊತ್ತಾ? ಬೋಯಿಂಗ್ 737ರಲ್ಲಿ ಎಡಗಡೆ, ರೆಕ್ಕೆಗೆ ಸ್ವಲ್ಪ ಮುಂಚೆ, ಸುಮಾರು 9ರಿಂದ 12ನೇ ಸಾಲಿನೊಳಗೆ ಒಂದು ಕಡೆ ಕಿಟಕಿಯ ಬದಲು ಗೋಡೆ ಇರುತ್ತದೆ. ಹೊಟ್ಟೆಯಿಂದ ಚಾವಣಿಗೆ ಎಸಿ ಗಾಳಿ ಒಯ್ಯುವ ಕೊಳವೆ ಆ ಜಾಗದಲ್ಲಿ ಹಾದುಹೋಗುತ್ತದೆ. ಎಷ್ಟನೇ ಸಾಲು ಅನ್ನುವುದು ಒಂದೊಂದು ಕಂಪನಿಯ ಸೀಟು ಜೋಡಣೆಯ ಮೇಲೆ ಬದಲಾಗುತ್ತದೆ. 11ಎ ಬಗ್ಗೆ ಗೊಣಗಾಟ ಬಹಳ ಕೇಳಿಸುತ್ತದೆ. 737 ಅಂತ ಗೊತ್ತಾದರೆ ಆ ಭಾಗದ ಎ ಸೀಟನ್ನು ಸುಮ್ನೆ ಬಿಟ್ಟುಬಿಡಿ.

ಗೋಡೆ ಇಲ್ಲದಿದ್ದರೂ ಕಿಟಕಿ ನಿಮ್ಮ ಭುಜದ ಹಿಂದೆ ಇರಬಹುದು. ಕಿಟಕಿಗಳು ವಿಮಾನದ ಅಸ್ಥಿಪಂಜರದ ಅಳತೆಗೆ ಕೂತಿವೆ, ಒಂದಕ್ಕೊಂದು ಸುಮಾರು ಅರ್ಧ ಮೀಟರ್ ಅಂತರ. ಸೀಟುಗಳು ಕಂಪನಿಯ ಇಷ್ಟ, 71ರಿಂದ 79 ಸೆಂ.ಮೀ. ಅಂತರದಲ್ಲಿ ಬರುತ್ತವೆ. ಎರಡೂ ಹೊಂದುವುದಿಲ್ಲ. ಹಾಗಾಗಿ ಒಂದು ಸಾಲಿಗೆ ಎರಡು ಕಿಟಕಿ, ಇನ್ನೊಂದಕ್ಕೆ ಅರ್ಧ. ಏರೋಲೋಪಾ ಥರದ ವೆಬ್‌ಸೈಟುಗಳಲ್ಲಿ ಸೀಟಿನ ಪಕ್ಕ ಕಿಟಕಿ ಎಲ್ಲಿದೆ ಅಂತಲೂ ಗುರುತು ಹಾಕಿರುತ್ತಾರೆ, ಬುಕ್ ಮಾಡುವ ಮುಂಚೆ ಒಮ್ಮೆ ಕಣ್ಣಾಡಿಸಿ.

ಎಟಿಆರ್ 72, ಡ್ಯಾಶ್ 8 ಥರದ ಪ್ರೊಪೆಲ್ಲರ್ ವಿಮಾನ ಸಿಕ್ಕರೆ ಅದೃಷ್ಟ ಅಂದುಕೊಳ್ಳಿ. ಶಬ್ದ ಜಾಸ್ತಿ, ಆದರೆ ರೆಕ್ಕೆ ತಲೆಯ ಮೇಲಿರುತ್ತದೆ, ಕೆಳಗಿನ ನೋಟಕ್ಕೆ ಅಡ್ಡಿಯೇ ಇಲ್ಲ. ಜೆಟ್‌ಗಿಂತ ಕಡಿಮೆ ಎತ್ತರದಲ್ಲಿ, ಕಡಿಮೆ ವೇಗದಲ್ಲಿ ಹಾರುವುದರಿಂದ ಹೊಳೆಗೆ ಕಟ್ಟಿದ ಸೇತುವೆಯೂ ಕಾಣುತ್ತದೆ. ಇಂಜಿನ್, ಪ್ರೊಪೆಲ್ಲರ್ ಇರುವ ಸಾಲುಗಳನ್ನು ಬಿಟ್ಟು ಹಿಂದೆ ಕೂರಿ. ಡ್ಯಾಶ್ 8 ಕ್ಯೂ400 ಆದರೆ ಮಾತ್ರ ಇಂಜಿನ್ನಿನ ಸ್ವಲ್ಪ ಹಿಂದೆಯೇ ಕೂರುವುದೂ ಚೆನ್ನ, ಯಾಕೆಂದರೆ ಅದರ ಚಕ್ರ ಇಂಜಿನ್ ಡಬ್ಬದೊಳಗಿನಿಂದ ಇಳಿಯುತ್ತದೆ. ಬಾಗಿಲು ತೆರೆದು ಉದ್ದನೆಯ ಕಾಲು ಚಾಚಿ, ನೆಲ ಮುಟ್ಟಿದಾಗ ಚಕ್ರದಿಂದ ಹೊಗೆ ಬರುವವರೆಗೂ ಎಲ್ಲ ಕಣ್ಣೆದುರೇ.

ಬೋಯಿಂಗ್ 787ರ ಕಿಟಕಿ ದೊಡ್ಡದು, ಸುಮಾರು 47 ಸೆಂ.ಮೀ. ಎತ್ತರ. ಅದರಲ್ಲಿ ಎಳೆಯುವ ಶೇಡ್ ಇಲ್ಲ, ಗುಂಡಿ ಒತ್ತಿದರೆ ಗಾಜೇ ಕಪ್ಪಾಗುತ್ತದೆ. ಕಿರಿಕಿರಿ ಏನೆಂದರೆ ಸಿಬ್ಬಂದಿ ಎಲ್ಲ ಕಿಟಕಿಗಳನ್ನೂ ಒಟ್ಟಿಗೆ ಕಪ್ಪು ಮಾಡಿಬಿಡಬಹುದು, ಆಗ ಹೊರಗೆಲ್ಲ ಕಡು ನೀಲಿ.

ಕೆಲವು ದಾರಿಗಳು

ದೆಹಲಿ-ಕಠ್ಮಂಡು ಆಗಲೇ ಹೇಳಿದೆ. ಕಠ್ಮಂಡುವಿನಿಂದ ಭೂತಾನಿನ ಪಾರೋಗೆ ಹೋಗುವಾಗಲೂ ಎಡಗಡೆಯೇ. 8,849 ಮೀಟರ್‌ನ ಎವರೆಸ್ಟ್, ಆಮೇಲೆ ಕಾಂಚನಜುಂಗಾ, ಎರಡೂ ಒಂದೇ ಹಾರಾಟದಲ್ಲಿ. ಟೋಕಿಯೋದ ಹನೇಡಾದಿಂದ ಒಸಾಕಾಗೆ ಹೋಗುವಾಗ ಫೂಜಿ ಬಲಗಡೆ, ಬರುವಾಗ ಎಡಗಡೆ. ನೈರೋಬಿಯಿಂದ ಜಾಂಜಿಬಾರ್‌ಗೆ ಬಲಗಡೆ ಕೂತರೆ 5,895 ಮೀಟರ್‌ನ ಕಿಲಿಮಂಜಾರೋ ಮೋಡದ ಮೇಲೆ ತಲೆ ಎತ್ತಿಕೊಂಡಿರುತ್ತದೆ. ಚಿಲಿಯ ಸ್ಯಾಂಟಿಯಾಗೋದಿಂದ ಬ್ಯೂನಸ್ ಐರಿಸ್‌ಗೆ ಆ್ಯಂಡಿಸ್ ದಾಟುವಾಗ ಎಡಗಡೆ, ಅಕೊಂಕಾಗುವಾ ಶಿಖರ ಇರುವುದು ಉತ್ತರಕ್ಕೆ. ಕ್ಯಾಲಿಫೋರ್ನಿಯಾದಿಂದ ಸಿಯಾಟಲ್‌ಗೆ ಬಲಗಡೆ, ಜ್ವಾಲಾಮುಖಿ ಬೆಟ್ಟಗಳು ಒಂದೊಂದಾಗಿ ಬಂದು ಕೊನೆಗೆ ಮೌಂಟ್ ರೇನಿಯರ್.

ಬೆಟ್ಟ ನೋಡುವವರು ಬೆಳಗಿನ ಮೊದಲ ವಿಮಾನ ಹಿಡಿಯಿರಿ. ಬಿಸಿಲು ಏರಿದ ಹಾಗೆ ನೆಲ ಕಾದು ಮಧ್ಯಾಹ್ನದ ಹೊತ್ತಿಗೆ ಶಿಖರಗಳ ಸುತ್ತ ಮೋಡ ಕಟ್ಟುತ್ತದೆ. ಹಿಮಾಲಯಕ್ಕೆ ಮಳೆಗಾಲ ಮುಗಿದ ಮೇಲಿನ ಅಕ್ಟೋಬರ್, ನವೆಂಬರ್ ಒಳ್ಳೆ ಕಾಲ, ಮಳೆ ಧೂಳನ್ನೆಲ್ಲ ತೊಳೆದಿರುತ್ತದೆ.

ರಾತ್ರಿ ವಿಮಾನದಲ್ಲಿ ಏನೂ ಕಾಣುವುದಿಲ್ಲ ಅನ್ನುವವರು ಉತ್ತರ ಅಟ್ಲಾಂಟಿಕ್ ಮೇಲೆ ರಾತ್ರಿ ಹಾರಿಲ್ಲ ಅನ್ನಿಸುತ್ತದೆ. ಅಮೆರಿಕ, ಕೆನಡಾದಿಂದ ಯೂರೋಪಿಗೆ ಬರುವ ವಿಮಾನಗಳು ಹೆಚ್ಚಾಗಿ ರಾತ್ರಿಯವು. ಎಡಗಡೆ ಕೂರಿ, ಉತ್ತರ ದಿಕ್ಕು ಅದೇ, ಧ್ರುವಪ್ರಭೆ ಅಂದರೆ ಅರೋರಾ ಕಾಣುವ ಸಾಧ್ಯತೆ ಇದೆ. ಬರಿಗಣ್ಣಿಗೆ ಎಷ್ಟೋ ಸಲ ಬೂದು ಬಣ್ಣದ ಪರದೆಯ ಹಾಗಷ್ಟೇ ಕಾಣುತ್ತದೆ. ಮೋಡವೋ ಅರೋರಾವೋ ಅಂತ ಅನುಮಾನ ಬಂದರೆ ಮೊಬೈಲಿನ ನೈಟ್ ಮೋಡ್‌ನಲ್ಲಿ ಒಂದು ಫೋಟೋ ತೆಗೆದು ನೋಡಿ, ಹಸಿರು ಬಂದರೆ ಅದೇ. ಜಾಕೆಟ್ಟನ್ನೋ ಹೊದಿಕೆಯನ್ನೋ ತಲೆಯ ಮೇಲಿಂದ ಕಿಟಕಿಗೆ ಮುಸುಕು ಹಾಕಿಕೊಂಡು ಐದು ಹತ್ತು ನಿಮಿಷ ಕಣ್ಣಿಗೆ ಕತ್ತಲೆ ಅಭ್ಯಾಸ ಮಾಡಿಸಬೇಕು. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಫೋಟೋ ಮತ್ತು ಗಾಜು

ಬ್ಯಾಗಿನಲ್ಲಿ ಒಂದು ಮೆತ್ತನೆಯ ಬಟ್ಟೆ ಇಟ್ಟುಕೊಳ್ಳಿ, ಕೂತ ತಕ್ಷಣ ಒಳಗಿನ ಗಾಜು ಒರೆಸಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಮೊಬೈಲನ್ನು ಗಾಜಿಗೆ ಹತ್ತಿರ ಹಿಡಿಯಿರಿ, ಒತ್ತಬೇಡಿ, ಒತ್ತಿದರೆ ವಿಮಾನದ ನಡುಕ ಫೋಟೋಗೆ ಬರುತ್ತದೆ. ಫ್ಲ್ಯಾಶ್ ಆಫ್ ಇರಲಿ. ಬಿಳಿ ಅಂಗಿ ಗಾಜಿನಲ್ಲಿ ಪ್ರತಿಫಲಿಸುತ್ತದೆ, ಕಪ್ಪು ಬಟ್ಟೆ ವಾಸಿ. ಪೋಲರಾಯ್ಡ್ ಕನ್ನಡಕ ಹಾಕಿದ್ದರೆ ತೆಗೆಯಿರಿ, ಕಿಟಕಿಯ ಅಕ್ರಿಲಿಕ್ ಹಾಳೆಯ ಮೂಲಕ ನೋಡಿದಾಗ ಕಾಮನಬಿಲ್ಲಿನ ಪಟ್ಟೆಗಳು ಬರುತ್ತವೆ. ಕ್ಯಾಮೆರಾಗೆ ಹಾಕುವ ಅದೇ ಥರದ ಫಿಲ್ಟರ್‌ಗೂ ಇದೇ ಮಾತು.

ಕಿಟಕಿಯ ಕೆಳಭಾಗದಲ್ಲಿ ಗುಂಡುಸೂಜಿಯಷ್ಟು ಸಣ್ಣ ತೂತು ಕಾಣುತ್ತದೆ, ಅದರ ಸುತ್ತ ಕೆಲವು ಸಲ ಹಿಮದ ಹರಳು ಕಟ್ಟಿರುತ್ತದೆ. ಹೆದರಬೇಡಿ, ಬೇಕಂತಲೇ ಇಟ್ಟದ್ದು. ಒತ್ತಡವನ್ನು ಹೊರಗಿನ ಗಾಜು ಮಾತ್ರ ಹೊರುವ ಹಾಗೆ ಮಾಡುತ್ತದೆ, ಗಾಜು ಮಂಜಾಗದಂತೆಯೂ ನೋಡಿಕೊಳ್ಳುತ್ತದೆ. ಆ ಹರಳುಗಳು ಬಂದ ಜಾಗ ಬಿಟ್ಟು ಮೇಲ್ಗಡೆಯಿಂದ ಫೋಟೋ ತೆಗೆಯಿರಿ.

ಕೆಳಗೆ ಕಾಣುವ ಊರು ಯಾವುದು ಅಂತ ತಿಳಿಯಬೇಕಾ? ಹೊರಡುವ ಮುಂಚೆ ದಾರಿಯ ನಕ್ಷೆಯನ್ನು ಮೊಬೈಲಿಗೆ ಆಫ್‌ಲೈನ್ ಇಳಿಸಿಕೊಳ್ಳಿ. ಫ್ಲೈಟ್ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ, ಮೊಬೈಲನ್ನು ಕಿಟಕಿ ಹತ್ತಿರ ಸ್ವಲ್ಪ ಹೊತ್ತು ಹಿಡಿದರೆ ನೀಲಿ ಚುಕ್ಕೆ ಬಂದು ಕೂರುತ್ತದೆ. ಕೆಲವು ವಿಮಾನ ನಿಲ್ದಾಣಗಳು ಸೇನೆಯವೂ ಹೌದು, ಅಲ್ಲಿ ಫೋಟೋ ಬೇಡ, ಶೇಡ್ ಇಳಿಸಿ ಅಂತ ಸಿಬ್ಬಂದಿ ಹೇಳಿದರೆ ವಾದ ಮಾಡದೆ ಇಳಿಸಿ.

ಬುಕ್ ಮಾಡುವಾಗ

ಸೀಟಿಗೆ ದುಡ್ಡು ಕೊಡುವುದಾದರೆ ಎಲ್ಲ ಪ್ರಯಾಣಕ್ಕೂ ಕೊಡಬೇಡಿ. ದಾರಿ ಚೆನ್ನಾಗಿರುವ, ಹಗಲಿನ ಹಾರಾಟಕ್ಕೆ ಮಾತ್ರ ಕೊಡಿ. ಮಿಕ್ಕದ್ದಕ್ಕೆ ವೆಬ್ ಚೆಕ್-ಇನ್ ಶುರುವಾದ ಕೂಡಲೇ ನೋಡಿದರೆ ಹಿಂದಿನ ಸಾಲಿನ ಕಿಟಕಿಗಳು ಎಷ್ಟೋ ಸಲ ಖಾಲಿ ಇರುತ್ತವೆ. ಹೊರಡುವ ಹಿಂದಿನ ರಾತ್ರಿ ಬುಕಿಂಗ್ ತೆರೆದು ಮತ್ತೊಮ್ಮೆ ಸೀಟು ನೋಡಿ. ಕಂಪನಿ ವಿಮಾನ ಬದಲಿಸಿದರೆ ನಿಮ್ಮ ಸೀಟು ಅದೇ ನಂಬರಿನದ್ದಾದರೂ ರೆಕ್ಕೆಯ ಮೇಲೆ ಬಂದಿರಬಹುದು, ಇಲ್ಲವೇ ಬೇರೆ ಕಡೆಗೇ ಹೋಗಿರಬಹುದು.

ಕಿಟಕಿ ಸಿಗಲೇ ಇಲ್ಲ ಅಂದರೆ ಎಲ್ಲರೂ ಹತ್ತಿ ಬಾಗಿಲು ಹಾಕಿದ ಮೇಲೆ ಸಿಬ್ಬಂದಿಯನ್ನು ಒಂದು ಮಾತು ಕೇಳಿ, ಹಿಂದೆ ಖಾಲಿ ಇದ್ದರೆ ಸಾಮಾನ್ಯವಾಗಿ ಕಳಿಸುತ್ತಾರೆ. ದೊಡ್ಡ ವಿಮಾನದಲ್ಲಿ ದೂರದ ಪ್ರಯಾಣವಾದರೆ ಹಿಂದಿನ ಬಾಗಿಲುಗಳಲ್ಲೂ ಒಂದು ಪುಟ್ಟ ಕಿಟಕಿ ಇರುತ್ತದೆ. ಸೀಟ್ ಬೆಲ್ಟ್ ದೀಪ ಆರಿದ ಮೇಲೆ, ಸಿಬ್ಬಂದಿ ಕೆಲಸದಲ್ಲಿ ಇಲ್ಲದಾಗ ಕೇಳಿಕೊಂಡು ಅಲ್ಲಿ ನಿಂತು ನೋಡಬಹುದು. ಬಾಗಿಲಿನ ಹಿಡಿ ಮಾತ್ರ ಮುಟ್ಟಬೇಡಿ.